ಎರಡು ಪಟ್ಟು ವೇಗದ ಚಿಪ್ಪು

ಮಾವಶಿಯ ಬಲಗೈ ಹೆಬ್ಬೆರಳು ಗೆರೆಗಳೇ ಇಲ್ಲದಂತೆ ನುಣುಪಾಗಿ ಸವೆದಿತ್ತು. ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಅವರ ಅಂಗಡಿ; ಮರಾಠಿಯಲ್ಲಿ ಚಿಕ್ಕಮ್ಮ ಎಂಬಂತೆ ಮಾವಶಿ ಎಂದು ಕರೆಯುತ್ತಿದ್ದೆ. ಸೀರೆಯಂಚಿನ ನಕ್ಷೆಯನ್ನು ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ ಕೊರೆದು ಕೊಡುತ್ತಿದ್ದರು. ಆ ತೂತುಗಳ ಪ್ರಕಾರ ಮಗ್ಗ ಎಳೆ ಎತ್ತುತ್ತದೆ. ಪ್ರತಿ ಕಾರ್ಡಿನ ಮೇಲೂ ಹೆಬ್ಬೆರಳು ಆಡಿಸಿ ನೋಡಿಯೇ ಕಟ್ಟು ಕಟ್ಟುವರು.

ಕೊರೆಯುವ ಯಂತ್ರವನ್ನು ನಡೆಸುತ್ತಿದ್ದದ್ದು ಆಗಲೇ ಹಳೆಯದಾಗಿದ್ದ ಒಂದು 486 ಕಂಪ್ಯೂಟರ್. ಅದರ ಪ್ರೊಸೆಸರ್ ಸುಟ್ಟಿತು. ನಾನು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ಕೊಲ್ಲಾಪುರದ ಗುಜರಿಯಲ್ಲಿ ಅದೇ ಜಾತಿಯ, ಎರಡು ಪಟ್ಟು ವೇಗದ ಚಿಪ್ಪು ಹುಡುಕಿ ತಂದು ಕೂರಿಸಿದೆ.

"ತಮ್ಮಾ, ಆವಾಜ ಬದಲಾಗೈತಲ್ಲ" ಎಂದರು ಮಾವಶಿ.

"ಚಿಪ್ಪಿನ ಕಾಲು ಹೊಂದ್ಯಾವ, ಪ್ರೋಗ್ರಾಮ್ ಹೊಂದೈತಿ. ಬರೇ ವೇಗ ಜಾಸ್ತಿ ರೀ."

"ಎಲ್ಲಾ ಹೊಂದೈತಿ ಅಂತ ಬೀಗರೂ ಹೇಳ್ತಾರ. ಲಗ್ನ ಆದಮ್ಯಾಲೆ ತಿಳೀತೈತಿ."

ಮರುದಿನ ಅವರು ತಂಗಿಯ ಬಾಣಂತನಕ್ಕೆ ಕಾಗಲಕ್ಕೆ ಹೋದರು. ಒಂದು ಮದುವೆ ಸೀರೆಯ ಕಾರ್ಡುಗಳನ್ನು ನಾನೇ ಕೊರೆದು ಮಗ್ಗದ ಮಾಲಕರಿಗೆ ಕೊಟ್ಟುಬಿಟ್ಟೆ.

ಮಾವಶಿ ಮರಳಿದ ದಿನವೇ ಮಾಲಕರು ಸೀರೆ ಹಿಡಿದು ಬಂದರು. "ಅಕ್ಕಾರ, ಹೂವಿಗೆ ಅರ್ಧಾ ಪಕಳಿನಽ ಇಲ್ಲ. ಮತ್ತೊಮ್ಮೆ ಹಿಂಗಾದ್ರ ನಾ ಬ್ಯಾರೆ ಅಂಗಡಿ ನೋಡಬೇಕಾಗ್ತೈತಿ."

ಆ ಅಂಗಡಿಯ ಮುಕ್ಕಾಲು ಕೆಲಸ ಬರುತ್ತಿದ್ದದ್ದು ಅವರಿಂದಲೇ. ನಾನು ಬಾಯಿ ತೆರೆಯುವ ಮೊದಲೇ ಮಾವಶಿ, "ನನ್ನ ಕೈ ತಪ್ಪೈತ್ರಿ, ನಾಳಿಗೆ ಹೊಸಾ ಕಾರ್ಡ್ ಕೊಡ್ತೇನಿ" ಎಂದರು.

ಕಾರಣ ಸರಳ. ಸೂಜಿ ಕೆಳಗಿಳಿಯುವವರೆಗೆ ಆ ಹಳೆಯ ಪ್ರೋಗ್ರಾಮು ಸುಮ್ಮನೆ ಅಂಕಿ ಎಣಿಸುತ್ತ ಕಾಯುತ್ತಿತ್ತು. ಹೊಸ ಚಿಪ್ಪು ಎಣಿಕೆಯನ್ನು ಅರ್ಧ ಹೊತ್ತಿನಲ್ಲೇ ಮುಗಿಸುತ್ತಿತ್ತು. ಅಲ್ಲಲ್ಲಿ ಸೂಜಿ ಮುಟ್ಟುವ ಮೊದಲೇ ರಟ್ಟು ಮುಂದೆ ಸರಿದಿತ್ತು. ಕಂಪ್ಯೂಟರಿನ ಡಬ್ಬಿಯ ಮುಂಭಾಗದಲ್ಲಿ ವೇಗ ತಗ್ಗಿಸುವ ಗುಂಡಿಯೊಂದಿತ್ತು. ಉಪಾಯ ಹುಡುಕುತ್ತ ನಾನು ಪುಸ್ತಕ ತಿರುವುತ್ತಿರುವಾಗ ಮಾವಶಿ ಅದನ್ನು ಒತ್ತಿ ಕಿವಿಗೊಟ್ಟರು. "ಹಾಂ, ಈಗ ಮೊದಲಿನಂಗ ಉಸಿರು ಬಿಡಾಕತ್ತೈತಿ."

ಬಹಳ ವರ್ಷ ನಾನು ಇದನ್ನು ಗುಜರಿಯವನ ತಪ್ಪೆಂದು ಹೇಳಿಕೊಂಡು ಬಂದೆ, ನಂಬಿಯೂ ಇದ್ದೆ. ಮೊನ್ನೆ ಹಳೆಯ ದಿನಚರಿ ತೆರೆದರೆ ನನ್ನದೇ ಅಕ್ಷರ: "ನಾ ಬರೂತನಕ ಯಾರಿಗೂ ಕಾರ್ಡ್ ಕೊಡಬ್ಯಾಡ ಅಂತ ಮಾವಶಿ ಅಂದಿದ್ದರು." ಆ ಮಾತು ನನ್ನ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ಹಾಗಾದರೆ ಇಲ್ಲಿ ನೆನಪಿನಿಂದ ಬರೆದ ಉಳಿದ ಮಾತುಗಳನ್ನು ಎಷ್ಟು ನಂಬಬೇಕೋ ತಿಳಿಯದು.

ದಿನಚರಿ ತೆಗೆದದ್ದು ಮಾವಶಿ ತೀರಿಕೊಂಡ ಸುದ್ದಿ ಬಂದದ್ದರಿಂದ. ಈಗ ನಾನಿರುವ ಗಡಹಿಂಗ್ಲಜದಿಂದ ಇಚಲಕರಂಜಿಗೆ ಬಸ್ಸು ಹಿಡಿದು ಹೋದೆ. ಆ ಮಾಲಕರೂ ಬಂದಿದ್ದರು. "ಇಷ್ಟು ವರ್ಷದಾಗ ಅಕ್ಕಾರ ಕಾರ್ಡ್ ಒಮ್ಮೆ ಅಷ್ಟಽ ತಪ್ಪಿತ್ತು ನೋಡ್ರಿ" ಎಂದು ಹೊಗಳಿಕೆಯಾಗಿಯೇ ಹೇಳಿದರು.

"ಅದು ನಂದ್ರಿ. ಕೊಡಬ್ಯಾಡ ಅಂದಿದ್ರು, ನಾನಽ ಕೊಟ್ಟೆ."

ಅವರು, ಈಗ ಅಂಗಡಿ ನಡೆಸುತ್ತಿರುವ ಮಾವಶಿಯ ಮಗಳನ್ನು ಕರೆದರು. "ತಂಗಿ, ಇಲ್ಲಿ ಬಾ. ಇವರು ಹೇಳೂದನ್ನ ನೀನೂ ಕೇಳು."

ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಹೇಳಿದೆ.