ಎಲ್ಲರೂ ಟೀ ಕುಡಿದರೇ?

ಇಂಗ್ಲೆಂಡಿನಲ್ಲಿ ಲೀಡ್ಸ್‌ಗೆ ಹೋಗುವ ರೈಲಿನಲ್ಲಿ ನನ್ನ ಪಕ್ಕ ಕೂತವಳು ಧಾರವಾಡದ ವಿದ್ಯಾರ್ಥಿನಿ. ಮಧ್ಯಾಹ್ನ ಅವಳಿಗೆ ಕೆಲಸಕ್ಕಾಗಿ ತರ್ಕದ ಪರೀಕ್ಷೆ. ಹಿಂದೆ ಎರಡು ಸಲ ಫೇಲಾಗಿದ್ದಳು. ನಾನು ಟೀಚರ್ ಎಂದು ತಿಳಿದದ್ದೇ ಪುಸ್ತಕ ಮುಂದಿಟ್ಟಳು.

‘ಸಭೆಯಲ್ಲಿ ಎಲ್ಲರಿಗೂ ಟೀ ಕೊಟ್ಟರು. ಹಾಗಾದರೆ ಎಲ್ಲರೂ ಕುಡಿದರೇ?’ ಅವಳು ‘ಹೌದು’ ಎಂದು ಗುರುತು ಹಾಕಿದ್ದಳು.

“ಕುಡಿದರು ಅಂತ ಎಲ್ಲಿ ಬರೆದಿದೆಯಮ್ಮ?”

“ಕೊಟ್ಟ ಚಾ ಯಾರರ ಬ್ಯಾಡ ಅಂತಾರೇನ್ರಿ ಟೀಚರ್?”

“ಬರೆದದ್ದನ್ನಷ್ಟೇ ನಂಬು.”

ಮುಂದಿನ ಹತ್ತು ಪ್ರಶ್ನೆಯೂ ಸರಿ! ಇಬ್ಬರೂ ಚಪ್ಪಾಳೆ ತಟ್ಟಿದೆವು.

ಇಳಿಯುವಾಗ ಅವಳು ನನ್ನ ಕೈ ನೋಡಿದಳು. “ಗಂಡಸರ ವಾಚು! ಅಂದ್ರ ನಿಮ್ಮ ಯಜಮಾನ್ರದು...” ಎಂದವಳು ತಡೆದು, “ಊಹೂಂ, ಗಂಡಸರ ವಾಚು ಅಂತಷ್ಟ ಹೇಳಬಹುದು” ಎಂದಳು.

“ಪಾಸಾಗ್ತೀಯ, ಹೋಗು!” ಎಂದು ಕೂಗಿಯೇಬಿಟ್ಟೆ.

ವಾಚು ತೀರಿಹೋದ ನನ್ನ ಗಂಡನದೇ. ಅವಳ ಮೊದಲ ಊಹೆ ನಿಜವಾಗಿತ್ತು. ಆದರೆ ಅದಕ್ಕೆ ಅಂಕ ಕೊಡುವಂತಿರಲಿಲ್ಲ.