ಅರ್ಗಿರಿಸ್ ಕಾರಿನಿಂದ ಇಳಿದ ದಿನ

ಅರ್ಗಿರಿಸ್ ಈ ವಸಂತದಲ್ಲಿ ತೀರಿಕೊಂಡ. ಊಟ ಮಾಡಿ ಮಧ್ಯಾಹ್ನದ ನಿದ್ದೆಗೆ ಮಲಗಿದವನು ಏಳಲಿಲ್ಲ. ಲಾವ್ರಿಯೊ ಬಂದರಿನ ಟ್ಯಾಕ್ಸಿ ನಿಲ್ದಾಣದಲ್ಲಿ ಅವನ ಬೂದು ಬಣ್ಣದ ಕಾರು ನಿಲ್ಲುತ್ತಿದ್ದ ಜಾಗವನ್ನು ಉಳಿದ ಚಾಲಕರು ಸ್ವಲ್ಪ ದಿನ ಖಾಲಿ ಬಿಟ್ಟರು, ಆಮೇಲೆ ಯಾರೋ ನಿಲ್ಲಿಸಿದರು. ಊರಿನಲ್ಲಿ ಅವನ ಬಗ್ಗೆ ಹೇಳುವ ಕತೆಗಳು ಬಹಳ ಇವೆ. ಅರ್ಧಕ್ಕರ್ಧ ಅವನೇ ಹುಟ್ಟಿಸಿದವು. ಇದು ಅವನು ಹುಟ್ಟಿಸದ ಕತೆ.

ಅವನ ಅಪ್ಪ ಲಿಂಬೆರಿಸ್ ಇಲ್ಲಿನ ಬೆಳ್ಳಿ ಗಣಿಯಲ್ಲಿ ದುಡಿದವನು. ಅರ್ಗಿರಿಸ್ ಹರೆಯದಲ್ಲಿ ಕೆಲವು ವರ್ಷ ಹಡಗಿನಲ್ಲಿದ್ದ. ಸಮುದ್ರ ಸಾಕಾಗಿ ಬಂದು ಟ್ಯಾಕ್ಸಿ ಓಡಿಸತೊಡಗಿದ. ನಿಧಾನವಾಗಿ ಅವನಿಗೆ ಒಂದು ಖಾಯಂ ಕೆಲಸ ಒಲಿದುಬಂತು. ಅಥೆನ್ಸಿನ ಹೋಟೆಲುಗಳಿಂದ ಪ್ರವಾಸಿಗರನ್ನು ಕೂರಿಸಿಕೊಂಡು, ಕಡಲ ಪಕ್ಕದ ರಸ್ತೆಯಲ್ಲಿ ಸೂನಿಯೊ ಭೂಶಿರದ ಪೊಸೈಡನ್ ದೇಗುಲಕ್ಕೆ ಕರೆದುಕೊಂಡು ಹೋಗಿ, ಅರ್ಧ ದಿನದಲ್ಲಿ ವಾಪಸು ಬಿಡುವುದು. ಹಾದಿಯುದ್ದಕ್ಕೂ ಮಾತಾಡುವುದು ಅವನ ಕೆಲಸ. ಟಿಕೆಟ್ ಗೇಟಿನಲ್ಲಿ ಬಾಯಿ ಮುಚ್ಚುವುದೂ ಅವನ ಕೆಲಸವೇ. ಪರವಾನಗಿ ಇರುವ ಗೈಡುಗಳಲ್ಲದೆ ಬೇರೆಯವರು ಒಳಗೆ ಹೋಗಿ ವಿವರಿಸುವಂತಿಲ್ಲ. ಪ್ರವಾಸಿಗರು ಬಿಳಿ ಕಂಬಗಳ ನಡುವೆ ಫೋಟೊ ತೆಗೆದುಕೊಳ್ಳುವಾಗ ಅವನು ಕೆಳಗೆ ಕಾರಿಗೆ ಒರಗಿ ಸಿಗರೇಟು ಸೇದುತ್ತಿದ್ದ. ಎದೆಯ ಆಪರೇಷನ್ ಆದಮೇಲೆ ಸಿಗರೇಟು ಹೋಗಿ ಬರೀ ಒರಗುವುದು ಉಳಿಯಿತು.

ದೇಗುಲದ ಬುಡದಲ್ಲಿ, ಮರಳಿನ ಅಂಚಿನಲ್ಲಿ ಒಂದು ಮೀನಿನ ಹೋಟೆಲಿದೆ. ಸೂನಿಯೊಗೆ ಬರುವ ಚಾಲಕರೆಲ್ಲ ಊಟಕ್ಕೆ ಅಲ್ಲಿಗೇ ಕರೆತರುತ್ತಾರೆ. ಮೇಜಿನಿಂದ ತಲೆ ಎತ್ತಿದರೆ ಕಂಬಗಳು ಕಾಣುತ್ತವೆ. ಅರ್ಗಿರಿಸ್ ಮಾತ್ರ ಅಲ್ಲಿಗೆ ಹೋಗುತ್ತಿರಲಿಲ್ಲ. "ಇವತ್ತು ಮುಚ್ಚಿದೆ" ಎಂದು ಬೇಸಗೆ ಚಳಿಗಾಲ ಒಂದೇ ಸುಳ್ಳು ಹೇಳಿ, ಹಸಿದ ಜನರನ್ನು ಲಾವ್ರಿಯೊ ಬಂದರಿನವರೆಗೆ ಎಳೆದುಕೊಂಡು ಹೋಗುತ್ತಿದ್ದ. ಆ ಹೋಟೆಲು ಅವನ ಒಡಹುಟ್ಟಿದ ತಮ್ಮ ಪಾಂಡೆಲಿಸನದು. ಪಾಂಡೆಲಿಸನ ಹೆಂಡತಿ ಕಲಿರೊಯಿ ಅರ್ಗಿರಿಸನೊಂದಿಗೆ ಮಾತು ಬಿಟ್ಟು ಒಂದು ತಲೆಮಾರೇ ಕಳೆದಿತ್ತು.

ತಪ್ಪು ಅರ್ಗಿರಿಸನದೇ. ಪಾಂಡೆಲಿಸನಿಗೆ ಗಂಡು ಮಗು ಹುಟ್ಟಿದಾಗ ದೀಕ್ಷಾಸ್ನಾನಕ್ಕೆ ಅಣ್ಣನನ್ನೇ ಧರ್ಮತಂದೆಯಾಗಿ ನಿಲ್ಲಿಸಿದರು. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಆದರೆ ಕಲಿರೊಯಿಯ ಅಪ್ಪ ಯಾಕುಮಿಸ್ ಮೀನಿಗೆ ಹೋದವನು ಮಕ್ರೊನಿಸಿ ದ್ವೀಪದ ಆಚೆ ದೋಣಿ ಸಮೇತ ಕಳೆದುಹೋಗಿದ್ದ. ಹೆಣ ಸಿಗಲಿಲ್ಲ, ಸಮಾಧಿ ಇಲ್ಲ, ಶಿಲುಬೆಯ ಮೇಲೆ ಹೆಸರಿಲ್ಲ. ಆ ಹೆಸರು ಮಗುವಿನ ಮೇಲಾದರೂ ಉಳಿಯಲಿ ಎಂದು ಅವಳು ಗಂಡನನ್ನು ಒಪ್ಪಿಸಿದಳು. ಅರ್ಗಿರಿಸನೂ ಆಗಲಿ ಎಂದ. ಮುದುಕ ಲಿಂಬೆರಿಸನಿಗೆ ಮಾತ್ರ ಯಾರೂ ಹೇಳಲಿಲ್ಲ, ಧೈರ್ಯವಾಗಲಿಲ್ಲ.

ಹೆಸರು ಹೇಳುವ ತನಕ ತಾಯಿ ಚರ್ಚಿನ ಹೊಸ್ತಿಲಾಚೆ ನಿಲ್ಲಬೇಕು. ಒಳಗೆ ಧರ್ಮತಂದೆ ಹೆಸರು ಉಚ್ಚರಿಸಿದ ಕೂಡಲೇ ಚಿಳ್ಳೆಪಿಳ್ಳೆಗಳು ಓಡಿಬಂದು ತಾಯಿಯ ಕಿವಿಗೆ ಹಾಕುತ್ತವೆ, ಅವಳು ಕೈಗೆ ಚಿಲ್ಲರೆ ಹಾಕುತ್ತಾಳೆ. ಕಲಿರೊಯಿ ಚಿಲ್ಲರೆ ಹಿಡಿದು ನಿಂತಿದ್ದಳು. ಪಾದ್ರಿ "ಮಗುವಿನ ಹೆಸರು?" ಎಂದ. ಎಣ್ಣೆ ಬಳಿದ ಮಗು ಅರ್ಗಿರಿಸನ ಕೈಯಲ್ಲಿ ಜಾರುತ್ತಿತ್ತು. ಎದುರಿಗೆ ಅಪ್ಪ, ಗಣಿಯ ದೂಳು ತುಂಬಿದ ಎದೆಯ ಮುದುಕ, ಕೋಲು ಊರಿಕೊಂಡು ಮಗನ ಬಾಯಿಯನ್ನೇ ನೋಡುತ್ತ ನಿಂತಿದ್ದ. ಅರ್ಗಿರಿಸ್ ಹೇಳಿದ. ಮಕ್ಕಳು "ಲಿಂಬೆರಿಸ್! ಲಿಂಬೆರಿಸ್!" ಎಂದು ಕೂಗುತ್ತ ಹೊರಗೆ ಓಡಿದವು.

ಒಮ್ಮೆ ನೀರಿನಲ್ಲಿ ಮುಳುಗಿಸಿ ಇಟ್ಟ ಹೆಸರನ್ನು ತೆಗೆಯಲು ಬರುವುದಿಲ್ಲ. ಕಲಿರೊಯಿ ಮಕ್ಕಳಿಗೆ ಚಿಲ್ಲರೆ ಹಂಚಿದಳು, ಒಳಗೆ ಬಂದಳು, ಬಂದವರಿಗೆಲ್ಲ ಊಟ ಬಡಿಸಿ ಕಳಿಸಿದಳು. ಅಂದಿನಿಂದ ಭಾವನೊಂದಿಗೆ ಒಂದು ಮಾತಿಲ್ಲ. ಹೆತ್ತ ಮಗನನ್ನೂ ಅವಳು ಹೆಸರು ಹಿಡಿದು ಕರೆದದ್ದಿಲ್ಲ. "ಮಗಾ" ಅಷ್ಟೇ. ಪಾಂಡೆಲಿಸ್ ಜಗಳ ಆರಿಸಲು ಒಂದು ನೆಪ ಹುಡುಕಿ ಊರೆಲ್ಲ ಹೇಳಿಕೊಂಡು ಬಂದ: ಅಣ್ಣನಿಗೆ ಗಾಬರಿಯಾಗಿ ಮರೆತುಹೋಯಿತು, ಪಾಪ. ಅರ್ಗಿರಿಸ್ ಅದನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನೆಪದ ನೆರಳಿನಲ್ಲಿ ಕೂತ.

ಆಪರೇಷನ್ ಆದಮೇಲೆ ಅವನಿಗೆ ಉಳಿದ ಆಸೆ ಒಂದೇ. ಸಾಯುವ ಮೊದಲು ಕಲಿರೊಯಿ ತನ್ನನ್ನು ಮತ್ತೆ ಮೇಜಿಗೆ ಕೂರಿಸಬೇಕು. ಹೇಗೆ ಕೇಳುವುದು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ವಾರಕ್ಕೆ ನಾಲ್ಕಾರು ಸಲ ಆ ಹೋಟೆಲಿನ ಮುಂದೆಯೇ ಹಾದುಹೋಗುತ್ತಿದ್ದ, ಕಾರು ನಿಲ್ಲುತ್ತಿರಲಿಲ್ಲ.

ನಿಲ್ಲಿಸಿದವರು ವೋಲೊಸ್ ಊರಿನ ಇಬ್ಬರು ಮುದುಕಿಯರು. ಅಕ್ಕ ಉರಾನಿಯಾ, ತಂಗಿ ಅಂಥೂಲಾ, ಇಬ್ಬರೂ ವಿಧವೆಯರು. ಅಂಥೂಲಾಳ ಮಗ ಹುಟ್ಟುಹಬ್ಬದ ಉಡುಗೊರೆ ಎಂದು ಅವರಿಗೆ ಸೂನಿಯೊ ಪ್ರವಾಸ ಮಾಡಿಸಿದ್ದ. ಅಕ್ಟೋಬರ್ ತಿಂಗಳು, ಪ್ರವಾಸಿಗರ ಗದ್ದಲ ಇಳಿದಿತ್ತು. ಕಾರು ಹತ್ತಿದ್ದೇ ಉರಾನಿಯಾ ಕೇಳಿದಳು:

"ಎಸಿ ಹಾಕ್ಬೇಡಪ್ಪ, ಕುತ್ತಿಗೆ ಹಿಡ್ಕೊಳ್ಳತ್ತೆ. ಮದುವೆ ಆಗಿದೆಯಾ?"

"ಆಗಿದೆ ಅಮ್ಮಾ. ಇಬ್ಬರು ಹೆಣ್ಣುಮಕ್ಕಳು."

"ಗಂಡಿಲ್ವಾ? ಅಯ್ಯೋ."

"ಅವಳಿಗೆ ಎರಡು ಗಂಡಿದೆ," ಎಂದಳು ಅಂಥೂಲಾ, "ಒಂದೂ ಫೋನ್ ಮಾಡಲ್ಲ. ನೀವು ರಸ್ತೆ ನೋಡಿ."

ವಾರ್ಕಿಝಾ ದಾಟಿ ಸಮುದ್ರ ಮಗ್ಗುಲಿಗೆ ಬಂದಮೇಲೆ ಅರ್ಗಿರಿಸ್ ತನ್ನ ಮಾಮೂಲು ಕತೆ ಎತ್ತಿದ. ಪುರಾಣಕಾಲದ ಅಥೆನ್ಸಿನ ರಾಜನ ಮಗ, ಬದುಕಿ ಬಂದರೆ ಹಡಗಿಗೆ ಬಿಳಿ ಹಾಯಿ ಕಟ್ಟುವೆನೆಂದು ಅಪ್ಪನಿಗೆ ಹೇಳಿ ಹೋಗಿದ್ದ, ಮರೆತು ಕಪ್ಪು ಹಾಯಿಯಲ್ಲೇ ಬಂದ, ದಡದಲ್ಲಿ ಕಾದಿದ್ದ ರಾಜ ಅದನ್ನು ಕಂಡು ಮಗ ಸತ್ತನೆಂದುಕೊಂಡು ಬಂಡೆಯಿಂದ ಹಾರಿದ.

"ಮರೆತನಂತೆ!" ಉರಾನಿಯಾ ಮೂಗು ಮುರಿದಳು. "ಅಪ್ಪನಿಗೆ ಕೊಟ್ಟ ಮಾತು ಯಾರಾದ್ರೂ ಮರೀತಾರಾ? ರಾಜ್ಯ ಬೇಕಿತ್ತು ಅವನಿಗೆ."

ಅರ್ಗಿರಿಸ್ ಆ ಕತೆಯನ್ನು ಅಲ್ಲಿಗೇ ಬಿಟ್ಟು ದಾರಿಯ ಅನವಿಸ್ಸೊಸ್ ಊರಿನ ಉಪ್ಪಿನ ಬಗ್ಗೆ ಮಾತು ತೆಗೆದ.

ಅವರು ದೇಗುಲ ನೋಡಿ ಬೇಗನೇ ಇಳಿದು ಬಂದರು. ಗಾಳಿ ಜೋರಿತ್ತು. ಉರಾನಿಯಾ ತಲೆವಸ್ತ್ರ ಬಿಗಿದುಕೊಂಡಿದ್ದಳು.

"ಚೆನ್ನಾಗಿದೆ. ಸೂರಿಲ್ಲ, ಅಷ್ಟೇ. ಈಗ ಊಟ. ಕೆಳಗೆ ನೀರಿನ ಪಕ್ಕ ಒಂದು ಹೋಟೆಲ್ ಕಾಣ್ತಲ್ಲ, ಅಲ್ಲಿಗೆ ಹೋಗೋಣ."

"ಅದು ಇವತ್ತು ಮುಚ್ಚಿದೆ ಅಮ್ಮಾ. ಲಾವ್ರಿಯೊದಲ್ಲಿ ಒಳ್ಳೇ..."

"ಮುಚ್ಚಿದೆಯಾ? ಮೇಲಿಂದ ನೋಡಿದೆ. ಒಲೆ ಹೊಗೆ ಬರ್ತಿದೆ, ಹಗ್ಗದ ಮೇಲೆ ಆಕ್ಟೋಪಸ್ ಒಣಗ್ತಿದೆ, ಎರಡು ಮೇಜಲ್ಲಿ ಜನ ಕೂತಿದಾರೆ. ಅವರೇನು ಹೆಣಗಳಾ?"

ಅಂಥೂಲಾ ಕಾರು ಹತ್ತಿ ಬಾಗಿಲು ಹಾಕಿಕೊಂಡಳು. "ನಡೀರಿ. ನಮ್ಮಕ್ಕನ ಹತ್ರ ವಾದ ಮಾಡಿ ಗೆದ್ದವರನ್ನ ನಾನಿನ್ನೂ ನೋಡಿಲ್ಲ. ನನ್ನ ಗಂಡ ಪ್ರಯತ್ನ ಪಟ್ಟ, ತೀರಿಕೊಂಡ."

ಹೀಗೆ ಕಾರು ಅಷ್ಟು ವರ್ಷಗಳ ಮೇಲೆ ಪಾಂಡೆಲಿಸನ ಹೋಟೆಲಿನ ಮುಂದೆ ನಿಂತಿತು. ಅಕ್ಕತಂಗಿಯರು ಇಳಿದು ಹೋಗಿ ಕೂತರು. ಅರ್ಗಿರಿಸ್ ಸ್ಟೇರಿಂಗ್ ಹಿಡಿದು ಎದುರಿನ ಪೊದೆ ನೋಡುತ್ತ ಉಳಿದ. ಸ್ವಲ್ಪ ಹೊತ್ತಿಗೆ ಅಂಥೂಲಾ ವಾಪಸು ಬಂದು ಗಾಜು ಬಡಿದಳು.

"ಇಳೀರಿ."

"ಹೊಟ್ಟೆ ಸರಿ ಇಲ್ಲ ಅಮ್ಮಾ. ನೀವು ಊಟ ಮಾಡಿ."

"ಹೊಟ್ಟೆ ಸರಿ ಇಲ್ದಿದ್ರೆ ನಿಂಬೆ ಹಿಂಡಿದ ಅನ್ನ ಮಾಡಿಸ್ತೀನಿ. ನಾವು ಮೀನು ತಿನ್ನೋದು, ನಮ್ಮನ್ನ ಕರ್ಕೊಂಡು ಬಂದ ಮನುಷ್ಯ ಕಾರಲ್ಲಿ ನಾಯಿ ಥರ ಕಾಯೋದು! ನಮ್ಮನ್ನ ಯಾರು ಅಂದ್ಕೊಂಡಿದೀರಿ? ಇಳೀರಿ ಅಂದೆ."

ಅವನು ಇಳಿದ. ಒಲೆಯ ಬಳಿ ನಿಂತಿದ್ದ ಪಾಂಡೆಲಿಸ್ ಅಣ್ಣ ಮರಳಿನ ಮೇಲೆ ನಡೆದು ಬರುವುದನ್ನು ಇಕ್ಕಳ ಎತ್ತಿಹಿಡಿದು ನೋಡುತ್ತ ನಿಂತ. ಒಲೆಯ ಮೇಲಿದ್ದ ಮೀನು ಕರಕಲಾಯಿತು.

ಕಲಿರೊಯಿ ಕಾಗದದ ಮೇಜುಹಾಸು ತಂದು, ಗಾಳಿಗೆ ಹಾರದಂತೆ ಅಂಚಿಗೆ ಕ್ಲಿಪ್ ಹಾಕಿದಳು. ಅರ್ಗಿರಿಸನ ಕಡೆ ನೋಡಲಿಲ್ಲ.

"ಇಬ್ಬರಿಗಾ?"

"ಕಣ್ಣು ಕಾಣಲ್ವೇನಮ್ಮ? ಮೂರು ಜನ," ಎಂದಳು ಉರಾನಿಯಾ.

ಕಲಿರೊಯಿ ಒಳಗೆ ಹೋಗಿ ಬ್ರೆಡ್ಡಿನ ಬುಟ್ಟಿ, ನೀರು, ಲೋಟ ತಂದಿಟ್ಟಳು. ಲೋಟ ಮೂರಿದ್ದವು. ಅವಳು ಅತ್ತ ಹೋದದ್ದೇ ಅಂಥೂಲಾ ಬಗ್ಗಿದಳು.

"ಆಕೆ ನಿಮಗೆ ಏನಾಗಬೇಕು? ಸುಮ್ನೆ ಹೇಳ್ಬಿಡಿ, ಮುಖದ ಮೇಲೇ ಬರೆದಿದೆ."

"ತಮ್ಮನ ಹೆಂಡತಿ."

ಆಮೇಲೆ ಅವನು ಬಿಡಿಸಿ ಹೇಳಿದ. ವಾಪಸು ವೋಲೊಸಿಗೆ ಹೋಗುವ ಅಪರಿಚಿತರು ಎಂದೋ ಏನೋ, ಹೇಳುವುದು ಸುಲಭವಾಯಿತು. ಮಾತು ಮುಗಿಯುವ ಮೊದಲೇ ಅಕ್ಕತಂಗಿಯರು ಎರಡು ಪಕ್ಷವಾದರು.

"ಸರಿಯಾಗೇ ಮಾಡಿದ," ಎಂದಳು ಉರಾನಿಯಾ. "ಅಪ್ಪ ಬದುಕಿ ಎದುರಿಗೆ ನಿಂತಿರುವಾಗ ಬೇರೆಯವರ ಹೆಸರು ಹೇಳೋದಾ?"

"ಏನು ಸರಿ? ಕೊಟ್ಟ ಮಾತು ಎಲ್ಲಿ ಹೋಯ್ತು? ಆ ಹುಡುಗಿಯ ಅಪ್ಪನಿಗೆ ಒಂದು ಕಲ್ಲೂ ಇಲ್ಲ."

"ನೀನು ಹೇಳ್ತೀಯ ಕಣೇ. ಅಮ್ಮನ ಹೆಸರು ನನ್ನ ಮಗಳಿಗೆ ಬರಬೇಕಿತ್ತು, ನೀನು ಮುಂಚೆ ಹೆತ್ತು ಹೊಡ್ಕೊಂಡೆ."

"ಮುಂಚೆ ಹೆರೋದು ಕಳ್ಳತನವಾ?"

"ನಿನ್ನ ವಿಷಯದಲ್ಲಿ ಹೌದು!"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಹುರಿದ ಸಣ್ಣ ಮೀನಿನ ತಟ್ಟೆ ಹಿಡಿದು ಕಲಿರೊಯಿ ಬೆನ್ನ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನನ್ನ ಅಪ್ಪನ ಪಂಚಾಯ್ತಿ ನನ್ನ ಹೋಟ್ಲಲ್ಲೇ ನಡೀತಿದೆಯಾ?" ಎಂದಳು. ಅವಳು ತಟ್ಟೆ ಕೆಳಗಿಡಲಿಲ್ಲ. "ಭಾವ, ಒಂದು ಕೇಳ್ತೀನಿ. ಆವತ್ತು ಮರೆತ್ರಾ?"

ಹೌದು ಎಂದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಒಲೆಯ ಬಳಿಯಿಂದ ಪಾಂಡೆಲಿಸ್ ಹೌದೆನ್ನು, ಹೌದೆನ್ನು ಎಂದು ತಲೆಯಾಡಿಸುತ್ತಿದ್ದುದು ಅರ್ಗಿರಿಸನಿಗೆ ಕಾಣುತ್ತಿತ್ತು.

"ಇಲ್ಲ ಕಲಿರೊಯಿ," ಎಂದ. "ಮರೀಲಿಲ್ಲ. ಯಾಕುಮಿಸ್ ಅನ್ನೋದು ನಾಲಿಗೆ ತುದೀಲೇ ಇತ್ತು. ಅಪ್ಪನ ಮುಖ ನೋಡಿದೆ. ಅವರ ಮುಂದೆ ಸಣ್ಣವನಾಗೋಕೆ ಮನಸ್ಸಾಗ್ಲಿಲ್ಲ. ಗೊತ್ತಿದ್ದೇ ಹೇಳಿದೆ."

ಕಲಿರೊಯಿ ಒಲೆಯ ಕಡೆ ತಿರುಗಿ, "ಕೇಳಿಸ್ತಾ? ಇಷ್ಟು ವರ್ಷ ಮರೆತ್ರು ಮರೆತ್ರು ಅಂತ ಹೇಳಿ ನನ್ನನ್ನ ದಡ್ಡಿ ಮಾಡಿದೆ," ಎಂದು ಗಂಡನನ್ನು ಗದರಿದಳು. ಆಮೇಲೆ ತಟ್ಟೆಯನ್ನು ಮೇಜಿನ ಮೇಲೆ, ಮುದುಕಿಯರ ಮುಂದಲ್ಲ, ಅರ್ಗಿರಿಸನ ಮುಂದೆ ಇಟ್ಟಳು.

"ನಾನು ಮನ್ನಿಸಿದೀನಿ ಅಂತ ತಿಳ್ಕೋಬೇಡಿ. ತಿನ್ನಿ, ಆರಿ ಹೋಗತ್ತೆ."

ಅವನು ತಿಂದ. ಅಂಥೂಲಾ ಅವನ ಮೀನಿನ ಮುಳ್ಳು ತೆಗೆದುಕೊಟ್ಟಳು. ವಾಪಸು ಹೋಗುವಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆದರು.

ಮುಂದೆ ಅವನ ಅರ್ಧ ದಿನದ ಪ್ರವಾಸಗಳಲ್ಲಿ ಊಟ ಅಲ್ಲೇ. ಕಲಿರೊಯಿ ಮೆತ್ತಗಾದಳು ಎಂದೇನೂ ಅಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಅವನ ತಟ್ಟೆ ತರುತ್ತಿದ್ದಳು. ಉಪ್ಪು ಕಡಿಮೆ ತಿನ್ನಿ ಎಂದು ಬೈಯುತ್ತಿದ್ದಳು. ಒಮ್ಮೊಮ್ಮೆ ಏನೂ ಹೇಳದೆ ತಿರುಗಿಬಿಡುತ್ತಿದ್ದಳು. ಅಂಥ ದಿನ ಅವನು ಕಾರಿಗೆ ಮರಳಿ, "ಇವತ್ತು ಗಾಳಿ ಉತ್ತರದ್ದು, ಥಂಡಿ" ಎಂದು ಪ್ರವಾಸಿಗರಿಗೆ ಹೇಳುತ್ತಿದ್ದನಂತೆ. ಅವರಿಗೆ ಅರ್ಥವಾಗುತ್ತಿರಲಿಲ್ಲ. ಎರಡು ಬೇಸಗೆ ಹೀಗೆ ನಡೆಯಿತು.

ಅವನನ್ನು ಮಣ್ಣು ಮಾಡಿದ ದಿನ ಕಲಿರೊಯಿ ಹೋಟೆಲು ಮುಚ್ಚಿದಳು. ಹೂಳಿ ಬಂದವರಿಗೆ ಮೀನಿನ ಸಾರು ಬಡಿಸುವುದು ಪದ್ಧತಿ. ಆ ಕೆಲಸಕ್ಕೆ ಹೊರಗಿನವರನ್ನು ಕರೆಯುತ್ತೇವೆ ಎಂದು ಅವನ ಹೆಣ್ಣುಮಕ್ಕಳು ಅಂದರು, ಅವಳು ಬಿಡಲಿಲ್ಲ. ಅಪ್ಪನನ್ನು ಕಳೆದುಕೊಂಡ ಹುಡುಗಿಯರು ಖರ್ಚಿನ ಲೆಕ್ಕಾಚಾರ ಮಾಡಬಾರದು ಎಂದು, ಮುಂಜಾನೆಯೇ ಬಂದು ಅವರ ಅಡುಗೆಮನೆಯಲ್ಲಿ ಒಲೆ ಹಚ್ಚಿದಳು. ಜನ ಉದ್ದನೆಯ ಮೇಜಿನ ಸುತ್ತ ಕೂತರು. ಬ್ರಾಂದಿಯ ಪುಟ್ಟ ಲೋಟ ಎತ್ತಿ ಒಬ್ಬೊಬ್ಬರೂ "ದೇವರು ಅವನನ್ನು ಕ್ಷಮಿಸಲಿ" ಎನ್ನುತ್ತ ಬಂದರು. ಸತ್ತ ಯಾರ ಬಗ್ಗೆಯಾದರೂ ನಮ್ಮಲ್ಲಿ ಹೇಳುವ ಮಾತು ಅದೇ. ಒಳ್ಳೆಯವನಿರಲಿ, ಕೆಟ್ಟವನಿರಲಿ.

ಪಾಂಡೆಲಿಸ್ ಹೇಳಿದ. ಅವನ ಮಗ, ಅರ್ಗಿರಿಸ್ ಕೈಯಲ್ಲಿ ಹೆಸರು ಪಡೆದವನು, ಕಣ್ಣೊರೆಸಿಕೊಂಡು ಹೇಳಿದ. ಕಲಿರೊಯಿ ಸೌಟು ಹಿಡಿದು ನಿಂತಿದ್ದಳು. ಸರದಿ ತನ್ನ ಬಳಿಗೆ ಬಂದಿತೆಂದು ಗೊತ್ತಾದಾಗ ಸೌಟನ್ನು ಪಾತ್ರೆಯೊಳಗಿಟ್ಟು, ಏಪ್ರನ್ನಿನ ತುದಿಗೆ ಕೈ ಒರೆಸಿ, ಲೋಟ ತೆಗೆದುಕೊಂಡಳು. ಮೇಜಿನ ಸುತ್ತ ಇದ್ದವರೆಲ್ಲ ಅವಳ ಕಡೆ ತಿರುಗಿದರು. ಎಲ್ಲರಿಗೂ ಕತೆ ಗೊತ್ತಿತ್ತಲ್ಲ.

"ದೇವರು ಅವರನ್ನ ಕ್ಷಮಿಸಲಿ," ಎಂದಳು. ಲೋಟ ಖಾಲಿ ಮಾಡಿದಳು. "ನಾನು ಮನ್ನಿಸಿ ಆಗಿದೆ."

ಆಮೇಲೆ ಮತ್ತೆ ಸೌಟು ಹಿಡಿದು, ಸಾರು ಯಾರಿಗೆ ಬಂದಿಲ್ಲ ಎಂದು ಕೇಳಿದಳು.