ಸೊಟ್ಟ ಕತ್ತಿಗೂ ಒಂದು ಕಲ್ಲು

ಅಮೆರಿಕದ ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ ಕಾಲುವೆ ಪಕ್ಕದ ಬೀದಿದೀಪಗಳು ಇನ್ನೂ ಆರಿಲ್ಲ. ನಾರ್ಮಂಡ್ ಊಲೆಟ್ ಅವರ ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಕೆಲಸ ಶುರುವಾಗಿದೆ. ನಾರ್ಮಂಡ್ ಅವರ ತಂಗಿ ಕ್ಲಾಡೆಟ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹೊಚ್ಚಹೊಸ ಕ್ಷೌರದ ಕತ್ತಿಯೊಂದನ್ನು ಬಿಚ್ಚಿ ಗಾಜಿನ ತುಂಡಿನ ಮೇಲೆ ಮಲಗಿಸುತ್ತಾರೆ. ಅಲಗಿನ ಒಂದು ತುದಿಯನ್ನು ಬೆರಳಿಂದ ಒತ್ತಿದರೆ ಇನ್ನೊಂದು ತುದಿ ಟಕ್ ಎಂದು ಮೇಲೇಳುತ್ತದೆ. ಅದರ ಜೊತೆಗೇ ಅವರ ಮೇಜೂ ಒಮ್ಮೆ ಅಲುಗುತ್ತದೆ, ಅದರ ಒಂದು ಕಾಲು ಗಿಡ್ಡ. ಮೇಜಿಗೆ ಮೊಣಕಾಲು ಆನಿಸಿ ಹಿಡಿದು ಅವರು ಮತ್ತೊಮ್ಮೆ ಒತ್ತುತ್ತಾರೆ. ಟಕ್.

“ಸೊಟ್ಟ,” ಎನ್ನುತ್ತಾರೆ, ಹಳೆ ಪರಿಚಯದವರು ಬಾಗಿಲಿಗೆ ಬಂದಂತೆ.

ಕೈಯಲ್ಲಿ ಹಿಡಿದರೆ ಈ ಸೊಟ್ಟ ಕಾಣುವುದಿಲ್ಲ. ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವಾಗ ಕೂದಲೆಳೆಯಷ್ಟು ಬಾಗಿರುತ್ತದೆ, ಅಷ್ಟೆ. ಆದರೆ ಸಾಣೆಕಲ್ಲಿನ ಮೇಲೆ ಇಟ್ಟಾಗ ಬಣ್ಣ ಬಯಲಾಗುತ್ತದೆ. ಒಂದು ಮಗ್ಗುಲಲ್ಲಿ ಅಲಗಿನ ನಡು ಮಾತ್ರ ಕಲ್ಲಿಗೆ ತಾಗುತ್ತದೆ, ಮಗುಚಿದರೆ ಎರಡು ತುದಿ ಮಾತ್ರ. ಉಳಿದ ಭಾಗಕ್ಕೆ ಹರಿತವೇ ಬರುವುದಿಲ್ಲ. ಅಂಥ ಕತ್ತಿ ಕೆನ್ನೆಯ ಮೇಲೆ ಒಂದು ಕಡೆ ಬೋಳಿಸುತ್ತದೆ, ಇನ್ನೊಂದು ಕಡೆ ಕೂದಲು ಕಿತ್ತು ಕಣ್ಣಲ್ಲಿ ನೀರು ತರಿಸುತ್ತದೆ. ಊರಿನ ಸಾಣೆಯವರೆಲ್ಲ ಇದನ್ನು ಕಂಡರೆ ಕೈಮುಗಿದು ವಾಪಸ್ ಕಳಿಸುತ್ತಾರೆ. ಕ್ಲಾಡೆಟ್ ಮಾತ್ರ ಕಳಿಸುವುದಿಲ್ಲ.

ಇವತ್ತಿನ ಕತ್ತಿ ಶಾಲಾ ಬಸ್ಸು ಓಡಿಸುವ ಲಯೋನೆಲ್ ಕೂಂಬ್ಸ್ ಅವರದು. ಮದುವೆಯ ವಾರ್ಷಿಕೋತ್ಸವಕ್ಕೆಂದು ಹೆಂಡತಿ ಬೆರಿಲ್ ಆಸೆಪಟ್ಟು ಕೊಡಿಸಿದ್ದು. ಹರಿತ ಸಾಲದೆಂದು ಲಯೋನೆಲ್ ತಾವೇ ಅಗಲವಾದ ಕಲ್ಲೊಂದನ್ನು ತಂದು, ಒತ್ತಿ ಒತ್ತಿ ಉಜ್ಜಿಬಿಟ್ಟಿದ್ದಾರೆ. ಹೊಸದಾಗಿ ಕತ್ತಿ ಹಿಡಿದವರೆಲ್ಲ ಮಾಡುವ ತಪ್ಪು ಇದು, ಸೊಟ್ಟ ಇರುವುದು ಒತ್ತಡಕ್ಕೆ ನೆಟ್ಟಗಾಗುತ್ತದೆಂಬ ನಂಬಿಕೆ. ಕಲ್ಲು ತಾಗಿಸಿದ ಕತ್ತಿಯನ್ನು ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಿನ್ನೆ ಅವರು ಟೋಪಿ ಕೈಯಲ್ಲಿ ಹಿಡಿದು ಇದೇ ಮೇಜಿನ ಮುಂದೆ ನಿಂತಿದ್ದರು. ಕ್ಲಾಡೆಟ್ ಅಲಗನ್ನು ದೀಪಕ್ಕೆ ಹಿಡಿದು ನೋಡಿ ಹೇಳಿದ್ದು ಇಷ್ಟು: “ಇದು ಬಗ್ಗಲ್ಲ ಲಯೋನೆಲ್, ಬಗ್ಗಿಸೋಕೆ ಹೋದ್ರೆ ಮುರಿಯತ್ತೆ. ನೀವು ಎರಡೂ ತುದೀಲಿ ಅದರ ಬೆನ್ನನ್ನೇ ಸವೆಸಿಬಿಟ್ಟಿದ್ದೀರ. ಇನ್ನೊಂದ್ ಸಲ ಉಜ್ಜಿದ್ರೆ ಬೆಣ್ಣೆ ಸವರೋಕೆ ಇಟ್ಕೋಬೇಕಾಗತ್ತೆ.”

“ಬೆರಿಲ್‌ಗೆ ಹೇಳ್ಬೇಡಿ,” ಎಂದರಂತೆ ಅವರು. ಬೆಳಿಗ್ಗೆ ಬಚ್ಚಲುಮನೆಯಲ್ಲಿ ನೊರೆ ಹಚ್ಚಿಕೊಂಡು ಕತ್ತಿಯನ್ನು ಮಸೆಯುವ ಸದ್ದು ಮಾಡಿ, ಗುಟ್ಟಾಗಿ ಪ್ಲಾಸ್ಟಿಕ್ ರೇಜರಿನಲ್ಲಿ ಬೋಳಿಸಿಕೊಳ್ಳುವುದು ಅವರಿಗೆ ಸಾಕಾಗಿಹೋಗಿದೆ.

ಆದರೆ ಈ ಕತ್ತಿಯ ಮೇಲೆ ನಿಂತಿರುವುದು ಲಯೋನೆಲ್ ಅವರ ಸಂಸಾರದ ಮಾತು ಮಾತ್ರವಲ್ಲ. ಕಳೆದ ಚಳಿಗಾಲದಲ್ಲಿ ಕ್ಲಾಡೆಟ್ ಸಾಣೆ ಹಿಡಿದ ಸೊಟ್ಟ ಕತ್ತಿಯೊಂದು ಗಿರಾಕಿಯ ಗದ್ದ ಕೊಯ್ದಿತ್ತು. ಆ ಪುಣ್ಯಾತ್ಮ ಗದ್ದಕ್ಕೆ ಪಟ್ಟಿ ಅಂಟಿಸಿಕೊಂಡು ಊರವರೆಲ್ಲ ಸೇರುವ ಚರ್ಚಿನ ಶನಿವಾರದ ಬೀನ್ಸ್ ಕಾಳಿನ ಊಟಕ್ಕೆ ಹೋಗಿ, ಕೇಳಿದವರಿಗೆಲ್ಲ ಊಲೆಟ್ ಅಂಗಡಿಯ ಹೆಸರು ಹೇಳಿದ. ನಾರ್ಮಂಡ್ ಅವರಿಗೆ ಆ ಅವಮಾನ ಇನ್ನೂ ಇಳಿದಿಲ್ಲ. ‘ಸೊಟ್ಟ ಕತ್ತಿ ತೆಗೆದುಕೊಳ್ಳುವುದಿಲ್ಲ’ ಎಂದು ದಪ್ಪ ರಟ್ಟಿನ ಮೇಲೆ ಬರೆದು ಸಿದ್ಧವಾಗಿಟ್ಟಿದ್ದಾರೆ. ಇದು ಕೊನೆಯ ಕತ್ತಿ, ಇದೂ ಕೈಕೊಟ್ಟರೆ ಇವತ್ತೇ ಬಾಗಿಲಿಗೆ ರಟ್ಟು ತೂಗುಹಾಕುವುದು ಎಂದು ಅಣ್ಣ ತಂಗಿಗೆ ಖಡಾಖಂಡಿತವಾಗಿ ಹೇಳಿಯಾಗಿದೆ.

ಕ್ಲಾಡೆಟ್ ಅವರಿಗೆ ಈ ಕೆಲಸ ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಕ್ಷೌರಿಕರಾಗಿದ್ದ ಅಪ್ಪ ಹುಡುಗಿಯ ಕೈಗೆ ಕತ್ತಿ ಕೊಡಲಿಲ್ಲ. ಅಪ್ಪ ತೀರಿಕೊಂಡಾಗ ಅಂಗಡಿ, ಕುರ್ಚಿ, ಅಗಲದ ಒಳ್ಳೆ ಸಾಣೆಕಲ್ಲು ಎಲ್ಲ ಅಣ್ಣನ ಪಾಲಾದವು. ಎಂದೋ ಕೆಳಗೆ ಬಿದ್ದು ಉದ್ದಕ್ಕೆ ಸೀಳಿದ್ದ ಕಲ್ಲಿನ, ಎರಡು ಬೆರಳಗಲದ ತುಂಡೊಂದು ಮಾತ್ರ ತಂಗಿಗೆ ಬಂತು. ಅವರು ಆಗ ಬೂಟಿನ ಕಾರ್ಖಾನೆಯಲ್ಲಿ ತೊಗಲು ಕತ್ತರಿಸುತ್ತಿದ್ದರು. ಕಾರ್ಖಾನೆ ಮುಚ್ಚಿದ ದಿನ ಮನೆಗೆ ತಂದ ತೊಗಲಿನ ಪಟ್ಟಿಯೇ ಈಗ ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿದೆ, ಮಸೆದ ಕತ್ತಿಯನ್ನು ಕೊನೆಗೆ ಎಳೆಯುವುದು ಅದರ ಮೇಲೆ. ಅಣ್ಣನ ಅಂಗಡಿ ಗುಡಿಸಲೆಂದು ಬಂದ ಕ್ಲಾಡೆಟ್ ಕೊನೆಗೆ ಸಾಣೆ ಹಿಡಿದು ಕೂತರು. ಈಗ ದಿನಕ್ಕೆ ಐದಾರು ಕತ್ತಿ ಅವರ ಕೈ ದಾಟಿ ಹೋಗುತ್ತವೆ, ಬೋರ್ಡಿನ ಮೇಲೆ ಮಾತ್ರ ಅವರ ಹೆಸರಿಲ್ಲ.

ವಿಚಿತ್ರವೆಂದರೆ ಆ ಸೀಳುಕಲ್ಲೇ ಅವರನ್ನು ಕಾಪಾಡಿತು. ಅಗಲದ ಕಲ್ಲಿಗೆ ಅಲಗಿನ ತಗ್ಗು ಎಟುಕುವುದಿಲ್ಲ, ಕಿರಿದಾದ ಕಲ್ಲು ಅದರೊಳಗೆ ಇಳಿಯುತ್ತದೆ. ಕ್ಲಾಡೆಟ್ ಈಗ ಅಲಗಿನ ಬಾಯುದ್ದಕ್ಕೂ ಕಪ್ಪು ಶಾಯಿ ಬಳಿಯುತ್ತಾರೆ. ಕತ್ತಿಯ ಭಾರವನ್ನಷ್ಟೇ ಆ ಕಲ್ಲಿನ ಮೇಲೆ ಬಿಟ್ಟು, ಬುಡದಿಂದ ತುದಿಗೆ ಮಣಿಕಟ್ಟನ್ನು ಹೊರಳಿಸುತ್ತ ಒಮ್ಮೆ ಎಳೆದು ನೋಡುತ್ತಾರೆ. ಶಾಯಿ ಹೋದಲ್ಲಿ ಕಲ್ಲು ತಾಗಿದೆ, ಉಳಿದಲ್ಲಿ ತಾಗಿಲ್ಲ.

“ನೆಟ್ಟಗೆ ಮಾಡೋಕೆ ಹೋಗ್ಬಾರ್ದು,” ಎನ್ನುತ್ತಾರೆ ಕಣ್ಣೆತ್ತದೆ. “ಅದು ಹೆಂಗೆ ಬಾಗಿದ್ಯೋ ಹಂಗೇ ನಾವು ಬಾಗ್ಬೇಕು. ಹೊತ್ತಾಗತ್ತೆ, ಆಗ್ಲಿ.”

ಶಾಯಿ, ಒಂದು ಎಳೆತ, ದೀಪ, ಮತ್ತೆ ಶಾಯಿ. ಕೋಣೆಯ ಕಿಟಕಿ ಬೆಳ್ಳಗಾಗುವ ಹೊತ್ತಿಗೆ ಅವರ ಕಾಫಿ ತಣ್ಣಗಾಗಿ, ಡೋನಟ್ ಮುಟ್ಟದೆ ಉಳಿದಿದೆ.

ಇನ್ನು ಪರೀಕ್ಷೆ. ಕತ್ತಿಯ ಪರೀಕ್ಷೆಗೆ ಗಡ್ಡ ಬೇಕು, ಅದು ಇರುವುದು ಅಣ್ಣನ ಬಳಿ. ತಂಗಿ ಮಸೆದ ಕತ್ತಿಯನ್ನು ಗಿರಾಕಿಗೆ ಕೊಡುವ ಮೊದಲು ನಾರ್ಮಂಡ್ ತಮ್ಮ ಕೆನ್ನೆಗೆ ಇಟ್ಟು ನೋಡುವುದು ಚಳಿಗಾಲದ ಆ ಪ್ರಸಂಗದ ನಂತರ ಅಂಗಡಿಯ ಪದ್ಧತಿ. ಅದಕ್ಕೇ ಅವರು ದಿನವೂ ಗಡ್ಡ ಬಿಟ್ಟುಕೊಂಡೇ ಕೆಲಸಕ್ಕೆ ಬರುತ್ತಾರೆ. ಊರಿಗೆಲ್ಲ ಬೋಳಿಸುವವನು ಸ್ವತಃ ಕರಡಿ ಎಂದು ಬೀದಿಯವರು ಕಾಲೆಳೆಯುತ್ತಾರೆ, ಅವರು ಕಾರಣ ಹೇಳುವ ಗೋಜಿಗೆ ಹೋಗಿಲ್ಲ.

ಬಾಗಿಲು ತೆರೆಯಲು ಇನ್ನೂ ಸ್ವಲ್ಪ ಹೊತ್ತಿದೆ. ನಾರ್ಮಂಡ್ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಾರೆ. ಅದನ್ನು ಕನ್ನಡಿಗೆ ಒರಗಿಸಿ, ನೊರೆ ಹಚ್ಚಿಕೊಂಡು ಕತ್ತಿ ಇಡುತ್ತಾರೆ. ಕೆನ್ನೆಯ ಮೇಲೆ ಸರಾಗವಾಗಿ ಇಳಿಯುತ್ತದೆ. ದವಡೆಯ ತಿರುವಿಗೆ ಬಂದಾಗ ಅವರ ಕಣ್ಣು ಕಿರಿದಾಗುತ್ತದೆ.

“ಎಳೀತಿದೆ,” ಎಂದು ಕತ್ತಿ ಕೆಳಗಿಟ್ಟು ರಟ್ಟಿನ ಕಡೆ ಕೈ ಚಾಚುತ್ತಾರೆ.

“ಎಲ್ಲಿ?”

“ಬುಡದಲ್ಲಿ. ಬಿಟ್ಬಿಡು ಕ್ಲಾಡೆಟ್, ಹುಟ್ಟುತ್ತಲೇ ಸೊಟ್ಟ ಆಗಿದ್ದು.”

“ನೊರೆ ಒರೆಸ್ಕೋಬೇಡ,” ಎನ್ನುತ್ತಾರೆ ಕ್ಲಾಡೆಟ್. “ಅಲ್ಲೇ ಕೂತಿರು.”

ಅಣ್ಣನನ್ನು ಅರ್ಧ ಮುಖ ಬೋಳಿಸಿದ ಸ್ಥಿತಿಯಲ್ಲೇ ಕುರ್ಚಿಯಲ್ಲಿ ಬಿಟ್ಟು ಅವರು ಹಿಂದಕ್ಕೆ ಹೋಗುತ್ತಾರೆ. ಮತ್ತೆ ಶಾಯಿ ಬಳಿದು ಎಳೆದರೆ ಬುಡದ ಹತ್ತಿರ ಅಕ್ಕಿಕಾಳಿನಷ್ಟು ಕಪ್ಪು ಹಾಗೇ ಉಳಿದಿದೆ. ಅವರಿಗೆ ತಮ್ಮ ಮೇಲೇ ಸಿಟ್ಟು ಬರುತ್ತದೆ. ಕಲ್ಲಿನ ಅಂಚಿನ ಮೇಲೆ ಬುಡವನ್ನಷ್ಟೇ ಇಟ್ಟು, ಉಸಿರು ಹಿಡಿದು, ಮೆಲ್ಲಗೆ ಹೊರಳಿಸುತ್ತಾರೆ. ಹೊರಗೆ ಇಬ್ಬರು ಗಿರಾಕಿಗಳು ಗಾಜಿಗೆ ಮೂಗು ಒತ್ತಿ, ನೊರೆ ಹೊತ್ತ ಕ್ಷೌರಿಕನನ್ನು ನೋಡಿ ನಗುತ್ತಿದ್ದಾರೆ. ನಾರ್ಮಂಡ್ ಕೂಗಿ ಬೇಗ ಮುಗಿಸೆನ್ನುತ್ತಾರೆ. ಶಾಯಿಯ ಕೊನೆಯ ಚುಕ್ಕೆ ಹೋದ ಮೇಲೆಯೇ ಕ್ಲಾಡೆಟ್ ಕಾರ್ಖಾನೆಯ ತೊಗಲಿನ ಮೇಲೆ ಅಲಗನ್ನು ಎಳೆದು, ಒರೆಸಿ, ತಂದುಕೊಡುತ್ತಾರೆ.

ನಾರ್ಮಂಡ್ ಮತ್ತೆ ದವಡೆಯ ತಿರುವಿಗೆ ಕತ್ತಿ ಇಡುತ್ತಾರೆ. ಇಳಿಸುತ್ತಾರೆ. ಗದ್ದ, ಕೊರಳು, ಇನ್ನೊಂದು ಕೆನ್ನೆ ಎಲ್ಲವೂ ಮುಗಿಯುತ್ತದೆ. ಅಂಗೈಯಿಂದ ಮುಖ ಸವರಿ, ಬುಡದ ಕಡೆ ಬೋಳಿಸಿದ ಜಾಗವನ್ನು ಎರಡನೇ ಸಲ ಸವರಿ ನೋಡುತ್ತಾರೆ. ಶಭಾಷ್ ಎನ್ನುವ ಅಭ್ಯಾಸ ಅವರಿಗಿಲ್ಲ. ಕನ್ನಡಿಗೆ ಒರಗಿಸಿದ್ದ ರಟ್ಟನ್ನು ತೆಗೆದು ತಂಗಿಯ ಕೈಗೆ ಕೊಟ್ಟು, ಗಿರಾಕಿಗಳಿಗೆ ಬಾಗಿಲು ತೆರೆಯಲು ಹೋಗುತ್ತಾರೆ.

ಹಿಂದಿನ ಕೋಣೆಯಲ್ಲಿ ಕ್ಲಾಡೆಟ್ ಆ ರಟ್ಟನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿ, ಮೇಜಿನ ಗಿಡ್ಡ ಕಾಲಿನ ಕೆಳಗೆ ತುರುಕುತ್ತಾರೆ. ಈ ಸಲ ಮೊಣಕಾಲು ಆನಿಸದೆ, ಎರಡೂ ಕೈಯಿಂದ ಮೇಜನ್ನು ಅಲ್ಲಾಡಿಸಿ ನೋಡುತ್ತಾರೆ. ಅಲುಗುವುದಿಲ್ಲ.

“ಕತ್ತಿ ಸೊಟ್ಟ ಇದ್ರೆ ನಾನು ನೋಡ್ಕೋತೀನಿ,” ಎನ್ನುತ್ತಾರೆ, ತಣ್ಣಗಾದ ಕಾಫಿಯನ್ನು ಎತ್ತಿಕೊಳ್ಳುತ್ತ. “ಮೇಜೊಂದು ನೆಟ್ಟಗಿದ್ರೆ ಸಾಕಿತ್ತು.”